ಆಂಟ್ವರ್ಪ್ ಮಳೆಯಲ್ಲಿ ಬೆಳಗಾವಿಯ ಓಟಗಾರ

1920ರ ಆಗಸ್ಟ್ 22. ಬೆಲ್ಜಿಯಂನ ಆಂಟ್ವರ್ಪ್‌ನಲ್ಲಿ ಮಳೆ. ಒಲಿಂಪಿಕ್ ಮ್ಯಾರಥಾನಿಗೆ ನಿಂತವರಲ್ಲಿ ಬೆಳಗಾವಿಯ ಫಡೆಪ್ಪ ಚೌಗುಲೆಯವರೂ ಇದ್ದರು. ದುಡ್ಡಿಗಾಗಿ ಓಡಿದವರಿಗೆ ಆಗ ಒಲಿಂಪಿಕ್ಸ್‌ನಲ್ಲಿ ಪ್ರವೇಶವೇ ಇರಲಿಲ್ಲ, ಎಲ್ಲರೂ ಹವ್ಯಾಸಿಗಳೇ. ಆದರೆ ಹವ್ಯಾಸಕ್ಕೂ ಹಡಗಿನ ಖರ್ಚು ಬೇಕಲ್ಲ! ಪುಣೆಯ ಡೆಕ್ಕನ್ ಜಿಮ್‌ಖಾನಾ ಕೂಟದಲ್ಲಿ ರೈತಾಪಿ ಹುಡುಗರು ಬರಿಗಾಲಲ್ಲಿ ಓಡಿದ್ದನ್ನು ಕಂಡಿದ್ದ ದೊರಾಬ್ಜಿ ಟಾಟಾ, ತಮ್ಮ ಹಣವನ್ನೂ ಹಾಕಿ ತಂಡ ಕಳಿಸಿದ್ದರು.

ಫಿನ್ಲೆಂಡಿನ ಹಾನ್ನೆಸ್ ಕೊಲೆಹ್ಮೈನೆನ್ ಗೆದ್ದರು. ಚೌಗುಲೆ 18 ನಿಮಿಷ ತಡವಾಗಿ, 2 ಗಂಟೆ 50 ನಿಮಿಷ 45 ಸೆಕೆಂಡಿಗೆ, 19ನೆಯವರಾಗಿ ಬಂದರು. ಇದನ್ನು ಸೋಲೆನ್ನಲು ನನಗೆ ಮನಸ್ಸಿಲ್ಲ. ಅಂದಿನ ದಾರಿ 42.75 ಕಿ.ಮೀ.; ಇಂದಿನ ಮ್ಯಾರಥಾನಿಗಿಂತ ಅರ್ಧ ಕಿಲೋಮೀಟರಿಗೂ ಹೆಚ್ಚು. ಲೆಕ್ಕ ಹಾಕಿದರೆ, ಕಿಲೋಮೀಟರಿಗೆ ನಾಲ್ಕೇ ನಿಮಿಷ! ಜೊತೆಗೆ ಹೊರಟಿದ್ದ ಸದಾಶಿವ ದಾತಾರ್ ಓಟ ಮುಗಿಸಲಿಲ್ಲ.