ಪದ ಪರಿಚಯ: ಮರಳು

ನಾಮಪದವಾದರೆ ಉಸುಕು, ಕ್ರಿಯಾಪದವಾದರೆ ಹಿಂತಿರುಗು, ಕುದಿ. ಬೈಲಹೊಂಗಲ, ಕಿತ್ತೂರು, ರಾಮದುರ್ಗದ ಕಡೆ ಹೊಳೆಯ ಮರಳಿಗೆ ‘ಉಸುಕು’ ಎಂಬುದೇ ಬಳಕೆಯ ಮಾತು. ರೊಟ್ಟಿಗಿಟ್ಟ ಎಸರು ಮರಳಿತೆಂದರೆ ತಳದ ಗುಳ್ಳೆಗಳು ಮೇಲೆದ್ದು ನೀರು ತಿರುವಿ ತಿರುವಿ ಬರುತ್ತಿದೆ ಎಂದು. ಹೋಗಿ ಮರಳುವುದರಲ್ಲೂ ಕುದಿದು ಮರಳುವುದರಲ್ಲೂ ಈ ತಿರುವು ಕಾಣುತ್ತದೆ.

ಸವದತ್ತಿಯ ರೇಣುಕೆ ಮರಳಿನ ಕೊಡದಲ್ಲಿ ನೀರು ತಂದಳೆಂಬುದು ಐತಿಹ್ಯ. ವಿಜ್ಞಾನಿಗಳು ನೀರಿನೊಳಗೇ ಮರಳನ್ನಿಟ್ಟರು. ಮರಳಿನ ಮುಖ್ಯ ದ್ರವ್ಯವಾದ ಸಿಲಿಕಾ, ಇಲ್ಲವೇ ಅಲ್ಯುಮಿನಾದ ಅತಿಸೂಕ್ಷ್ಮ ಕಣ ಬೆರೆತ ದ್ರವಕ್ಕೆ 1995ರಲ್ಲಿ ಅಮೆರಿಕದ ಆರ್ಗಾನ್ ಪ್ರಯೋಗಾಲಯದ ಸ್ಟೀಫನ್ ಚೋಯ್ ‘ನ್ಯಾನೊಫ್ಲೂಯಿಡ್’ ಎಂದು ಹೆಸರಿಟ್ಟರು. ‘ನ್ಯಾನೊ’ದ ಮೂಲ ಕುಳ್ಳ ಎಂಬರ್ಥದ ಗ್ರೀಕ್ ಪದ; ಒಂದು ನ್ಯಾನೊಮೀಟರ್ ಮೀಟರಿನ ನೂರು ಕೋಟಿಯಲ್ಲೊಂದು ಪಾಲು.

ಕೆಂಪಗೆ ಕಾದ ಹಂಚಿನ ಮೇಲೆ ನೀರಹನಿ ಕುಣಿಯುತ್ತದೆ, ಬೇಗ ಆರುವುದಿಲ್ಲ. ಅದರಡಿ ಆವಿಯ ಪೊರೆ ಅಡ್ಡ ಬಂದಿರುತ್ತದೆ. ಬಾಯ್ಲರಿನಲ್ಲಿ ಹೀಗಾದರೆ ಲೋಹವೇ ಸುಟ್ಟೀತು. ನೀರಿನ ಬದಲು ನ್ಯಾನೊಫ್ಲೂಯಿಡ್ ಮರಳುವಾಗ ಅದರ ಕಣಗಳು ಬಿಸಿ ಮೈಗೆ ಅಂಟಿ ರಂಧ್ರಮಯ ಪದರವಾಗುತ್ತವೆ. ನೀರು ಅದಕ್ಕೆ ಚೆನ್ನಾಗಿ ಹತ್ತಿಕೊಂಡು, ಪೊರೆ ಕಟ್ಟುವ ಅಪಾಯ ಇನ್ನೂ ಹೆಚ್ಚಿನ ಶಾಖಕ್ಕೆ ಮುಂದೂಡುತ್ತದೆ. ಪದರ ದಪ್ಪಗಾದರೆ ಮಾತ್ರ ಅದೇ ಶಾಖಕ್ಕೆ ತಡೆ.

ಮರಳಲ್ಲಿ ಮರಳು: ಶ್ಲೇಷೆ ಕನ್ನಡದ್ದು, ಭೌತಶಾಸ್ತ್ರ ಎಲ್ಲರದು.