ಜೀಪ್ ಅಂದರೆ ಮಹೀಂದ್ರಾ: ಘಟ್ಟದ ಬುಡದ ಹಳೆ ಗಾಡಿಯ ಚರಿತ್ರೆ, ಈಗಿನ ಕಾಗದಪತ್ರದ ತಾಪತ್ರಯ

ಕುಂದಾಪುರ: ಕುಂದಾಪುರ, ಬೈಂದೂರು, ಬ್ರಹ್ಮಾವರ ತಾಲೂಕುಗಳಲ್ಲಿ 'ಜೀಪ್' ಅಂದರೆ ಒಂದು ಕಂಪೆನಿಯ ಹೆಸರಲ್ಲ, ಒಂದು ಜಾತಿಯ ಗಾಡಿಯ ಹೆಸರು. ಮಹೀಂದ್ರಾದ ಕಮಾಂಡರ್, ಮೇಜರ್, ಎಂಎಂ540 ಎಲ್ಲವೂ ಜೀಪೇ. ಬಜಾಜ್ ಟೆಂಪೋದವರ ಟ್ರ್ಯಾಕ್ಸ್ ಕೂಡ ಎಷ್ಟೋ ಕಡೆ ಜೀಪೇ. ಹಳ್ಳಿಹೊಳೆ, ಜಡ್ಕಲ್, ಮುದೂರು, ಯಡಮೊಗೆ, ಅಮಾಸೆಬೈಲು, ಮಡಾಮಕ್ಕಿ ಕಡೆ ಹೊಸ ದಾರಿಯ ಬಗ್ಗೆ ವಿಚಾರಿಸಿದರೆ ಮೊದಲು ಬರುವ ಉತ್ತರ "ಕಾರ್ ಹೋತ್ತಿಲ್ಲೆ, ಜೀಪ್ ಹೋತ್ತ್" ಎಂಬುದೇ. ದಾರಿ ಎಂಥದ್ದು ಎಂದು ಅಳೆಯಲು ಇದಕ್ಕಿಂತ ನೇರವಾದ ಅಳತೆಗೋಲು ಈ ಭಾಗದಲ್ಲಿಲ್ಲ.

ಆ ಅಳತೆಗೋಲಿನ ಗಾಡಿಗಳಿಗೇ ಈಗ ವಯಸ್ಸಾಗಿದೆ. ಮಹೀಂದ್ರಾದ ಹಳೇ ಮಾದರಿಯ ಜೀಪುಗಳ ತಯಾರಿಕೆ ನಿಂತು ಹದಿನೈದು ವರ್ಷ ಆಗುತ್ತಾ ಬಂತು. ಈಗ ಓಡುತ್ತಿರುವ ಬಹುತೇಕ ಎಲ್ಲಾ ಹಳೆ ಜೀಪುಗಳೂ ನೋಂದಣಿ ನವೀಕರಣದ ಸಾಲಿಗೆ ಬಂದು ನಿಂತಿವೆ. ಕೊಲ್ಲೂರಿನಿಂದ ಕೊಡಚಾದ್ರಿಗೆ ಬಾಡಿಗೆ ಓಡಿಸಿ ಬದುಕುವ ಚಾಲಕರಿಗೆ, ಗುಡ್ಡೆ ಮೇಲಿನ ರಬ್ಬರ್ ಮತ್ತು ಅಡಿಕೆ ತೋಟದವರಿಗೆ ಇದು ಹವ್ಯಾಸದ ಮಾತಲ್ಲ, ಹೊಟ್ಟೆಪಾಡು.

ಲೂಧಿಯಾನದಿಂದ ಮಝಗಾಂವ್‌ಗೆ

ಜೀಪಿನ ಹುಟ್ಟು ಯುದ್ಧದಲ್ಲಿ. 1940ರಲ್ಲಿ ಅಮೆರಿಕದ ಸೇನೆಗೆ ಕುದುರೆಯ ಜಾಗದಲ್ಲಿ ಓಡಾಡುವ, ನಾಲ್ಕೂ ಚಕ್ರಕ್ಕೆ ಎಳೆತ ಇರುವ ಸಣ್ಣ ಗಾಡಿ ಬೇಕಿತ್ತು. ಮೊದಲ ಮಾದರಿ ಮಾಡಿಕೊಟ್ಟದ್ದು ಬ್ಯಾಂಟಮ್ ಎಂಬ ಸಣ್ಣ ಕಂಪೆನಿ. ಆದರೆ ದೊಡ್ಡ ಗುತ್ತಿಗೆ ಸಿಕ್ಕಿದ್ದು ವಿಲ್ಲೀಸ್-ಓವರ್‌ಲ್ಯಾಂಡ್ ಮತ್ತು ಫೋರ್ಡ್‌ಗೆ. ಯುದ್ಧ ಮುಗಿಯುವ ಹೊತ್ತಿಗೆ ಎರಡೂ ಸೇರಿ ಆರು ಲಕ್ಷಕ್ಕೂ ಹೆಚ್ಚು ಜೀಪ್ ಮಾಡಿದ್ದವು. ಕಷ್ಟಪಟ್ಟ ಬ್ಯಾಂಟಮ್ ಹೆಸರು ಇವತ್ತು ಯಾರಿಗೂ ನೆನಪಿಲ್ಲ.

ಇತ್ತ 1945ರ ಅಕ್ಟೋಬರ್ 2ರಂದು ಲೂಧಿಯಾನದಲ್ಲಿ ಜೆ.ಸಿ. ಮಹೀಂದ್ರಾ, ಕೆ.ಸಿ. ಮಹೀಂದ್ರಾ ಸಹೋದರರು ಮಲಿಕ್ ಗುಲಾಮ್ ಮೊಹಮ್ಮದ್ ಜೊತೆ ಸೇರಿ 'ಮಹೀಂದ್ರಾ ಅಂಡ್ ಮೊಹಮ್ಮದ್' ಎಂಬ ಉಕ್ಕಿನ ವ್ಯಾಪಾರದ ಕಂಪೆನಿ ಶುರು ಮಾಡಿದರು. ದೇಶ ವಿಭಜನೆಯಾಯಿತು. ಗುಲಾಮ್ ಮೊಹಮ್ಮದ್ ಪಾಕಿಸ್ತಾನಕ್ಕೆ ಹೋಗಿ ಅಲ್ಲಿನ ಮೊದಲ ಹಣಕಾಸು ಸಚಿವರಾದರು, ಮುಂದೆ ಗವರ್ನರ್ ಜನರಲ್ ಕೂಡ ಆದರು. 1948ರಲ್ಲಿ ಕಂಪೆನಿ 'ಮಹೀಂದ್ರಾ ಅಂಡ್ ಮಹೀಂದ್ರಾ' ಆಯಿತು. ಪಾಲುದಾರ ಹೋದರೂ ಎರಡು 'ಎಂ' ಹಾಗೇ ಉಳಿಯಿತು.

ಕೆ.ಸಿ. ಮಹೀಂದ್ರಾ ಯುದ್ಧಕಾಲದಲ್ಲಿ ಅಮೆರಿಕದಲ್ಲಿದ್ದಾಗ ವಿಲ್ಲೀಸ್‌ನ ಮುಖ್ಯ ಎಂಜಿನಿಯರ್ ಬಾರ್ನಿ ರೂಸ್ ಪರಿಚಯವಾಗಿತ್ತು. ರಸ್ತೆಯೇ ಇಲ್ಲದ ಭಾರತಕ್ಕೆ ಇದೇ ಗಾಡಿ ಸರಿ ಎಂಬ ಲೆಕ್ಕಾಚಾರ ಅಲ್ಲಿಂದ ಬಂತು. ಮೊದಲು ಬಿಡಿಭಾಗಗಳನ್ನು ಹಡಗಿನಲ್ಲಿ ತರಿಸಿ ಮುಂಬಯಿಯ ಮಝಗಾಂವ್‌ನಲ್ಲಿ ಜೋಡಿಸಿದರು, ಆಮೇಲೆ ನಿಧಾನಕ್ಕೆ ಇಲ್ಲೇ ಮಾಡಲು ಶುರು ಮಾಡಿದರು. ದೇಶದಲ್ಲಿ ಹೆಚ್ಚು ಹರಡಿದ್ದು 'ಸಿಜೆ-3ಬಿ' ಮಾದರಿ. ಎಂಜಿನ್ ಎತ್ತರವಾದ್ದರಿಂದ ಬಾನೆಟ್ ಕೂಡ ಎತ್ತರಕ್ಕೆ ಎದ್ದು ನಿಂತ, ಹಳೆ ಸಿನಿಮಾಗಳಲ್ಲಿ ಪೊಲೀಸರು ಇಳಿದು ಬರುವ ಜೀಪ್. ಅಮೆರಿಕದಲ್ಲಿ ಇದು 1968ಕ್ಕೆ ನಿಂತಿತು. ಇಲ್ಲಿ ಇದರ ಮಕ್ಕಳು ಮೊಮ್ಮಕ್ಕಳು 2010ರವರೆಗೂ ಕಾರ್ಖಾನೆಯಿಂದ ಇಳಿಯುತ್ತಲೇ ಇದ್ದರು.

'ಜೀಪ್' ಎಂಬ ಹೆಸರಿನ ಒಡೆತನ ಮಾತ್ರ ಮಹೀಂದ್ರಾಕ್ಕೆ ಬರಲಿಲ್ಲ. ಅದು ವಿಲ್ಲೀಸ್‌ನಿಂದ 1953ರಲ್ಲಿ ಕೈಸರ್‌ಗೆ, 1970ರಲ್ಲಿ ಅಮೆರಿಕನ್ ಮೋಟಾರ್ಸ್‌ಗೆ, 1987ರಲ್ಲಿ ಕ್ರೈಸ್ಲರ್‌ಗೆ ಹೋಗಿ ಈಗ ಸ್ಟೆಲ್ಲಾಂಟಿಸ್ ಕೈಯಲ್ಲಿದೆ. ಆ ಅಸಲಿ ಜೀಪ್ ಕಂಪೆನಿ ಭಾರತಕ್ಕೆ ಬಂದದ್ದು 2016ರಲ್ಲಿ. ಮಹೀಂದ್ರಾ 2018ರಲ್ಲಿ ಅಮೆರಿಕದಲ್ಲಿ 'ರಾಕ್ಸರ್' ಮಾರಲು ಹೊರಟಾಗ ಮುಖ ನಮ್ಮದರಂತೆ ಇದೆ ಎಂದು ತಕರಾರು ಬಂದು, ಮುಂಭಾಗದ ಆಕಾರ ಬದಲಿಸಬೇಕಾಯಿತು. ಎಪ್ಪತ್ತು ವರ್ಷ ಪರವಾನಗಿ ಪಡೆದೇ ಮಾಡಿಕೊಂಡು ಬಂದ ಮುಖ ಅದು.

ಎಂಜಿನ್ ಬದಲಾಯಿತು, ಚೌಕಟ್ಟು ಬದಲಾಗಲಿಲ್ಲ

ಮೊದಲಿನವೆಲ್ಲ ಪೆಟ್ರೋಲ್. ಸರಕಾರಿ ಇಲಾಖೆಗಳಿಗೆ ಅಡ್ಡಿಯಿಲ್ಲ, ಸ್ವಂತ ಖರ್ಚಿನಲ್ಲಿ ಓಡಿಸುವವರಿಗೆ ಪೂರೈಸುತ್ತಿರಲಿಲ್ಲ. ಡೀಸೆಲ್ ಬಂದ ಮೇಲೆಯೇ ಜೀಪ್ ಊರಿನ ಸಾಮಾನ್ಯರ ಕೈಗೆ ಸಿಕ್ಕಿದ್ದು. ಫ್ರಾನ್ಸ್‌ನ ಪ್ಯೂಜೋ ಕಂಪೆನಿಯ ಪರವಾನಗಿಯಲ್ಲಿ ಮಾಡಿದ 2112 ಸಿಸಿಯ ಡೀಸೆಲ್ ಎಂಜಿನ್ ಎಂಬತ್ತರ ದಶಕದಲ್ಲಿ ಎಂಎಂ540ಗೆ ಕೂತಿತು. ಸುಮಾರು 62 ಅಶ್ವಶಕ್ತಿ, ಇವತ್ತಿನ ಸಣ್ಣ ಕಾರಿಗಿಂತಲೂ ಕಡಿಮೆ. ಆದರೆ ಏರಿನಲ್ಲಿ ಬೇಕಾದದ್ದು ವೇಗವಲ್ಲ, ಎಳೆತ. ಅದೇ ಹೊತ್ತಿಗೆ, 1985ರಲ್ಲಿ, ಮಾರುತಿ ಜಿಪ್ಸಿ ಬಂತು. ಹಗುರ, ಚುರುಕು, ಅರಣ್ಯ ಇಲಾಖೆಗೆ ಅಚ್ಚುಮೆಚ್ಚು. ಪೆಟ್ರೋಲ್ ಆದ್ದರಿಂದ ಬಾಡಿಗೆಯವರು ಅದರ ತಂಟೆಗೆ ಹೋಗಲಿಲ್ಲ.

ತೊಂಬತ್ತರ ದಶಕದ ಕಮಾಂಡರ್ ಉದ್ದದ ಗಾಡಿ. ಹಿಂದೆ ಎದುರುಬದುರು ಬೆಂಚು, ಮೇಲೆ ಹುಡ್, ಬದಿಗೆ ಮಳೆಗಾಲದಲ್ಲಿ ಇಳಿಬಿಡುವ ಟಾರ್ಪಾಲ್. ಬಸ್ಸು ದಿನಕ್ಕೆ ಎರಡು ಸಲ ಬರುವ ಊರುಗಳಲ್ಲಿ ಸರ್ವಿಸ್ ಜೀಪೇ ಬಸ್ಸು. ಶಾಲೆ ಮಕ್ಕಳು, ಡೈರಿ ಹಾಲಿನ ಕ್ಯಾನು, ರಬ್ಬರ್ ಶೀಟು, ಅಡಿಕೆ ಮೂಟೆ, ಸಂತೆಯ ಕೋಳಿ ಎಲ್ಲವೂ ಅದರಲ್ಲೇ. ರಾತ್ರಿ ಹೆರಿಗೆ ನೋವು ಬಂದರೆ ಅದೇ ಆಂಬುಲೆನ್ಸ್. ಮೇಳದ ಆಟ ಉಂಟೆಂದು ಮೈಕ್ ಕಟ್ಟಿಕೊಂಡು ಸಾರುತ್ತಾ ಹೋಗುವುದೂ ಅದೇ, ಚುನಾವಣೆ ಬಂದರೆ ಪಕ್ಷದ ಬಾವುಟ ಕಟ್ಟಿಕೊಳ್ಳುವುದೂ ಅದೇ. 2000ದಲ್ಲಿ ಬೊಲೆರೊ ಬಂದ ಮೇಲೆ, ಊರಿನ ರಸ್ತೆಗಳಿಗೆ ಡಾಮರು, ಕಾಂಕ್ರೀಟು ಬಿದ್ದ ಮೇಲೆ, ಈ ಕೆಲಸಗಳಲ್ಲಿ ಹೆಚ್ಚಿನವು ಬೊಲೆರೊ, ಆಟೊರಿಕ್ಷಾ, ಓಮ್ನಿಗಳ ಪಾಲಾದವು.

2010ರಲ್ಲಿ ಹಳೆ ಸಾಲಿನ ಜಾಗಕ್ಕೆ 'ಥಾರ್' ಬಂತು. 2020ರ ಅಕ್ಟೋಬರ್ 2ರಂದು ಪೂರ್ತಿ ಹೊಸ ಥಾರ್, 2024ರ ಆಗಸ್ಟ್‌ನಲ್ಲಿ ಐದು ಬಾಗಿಲಿನ 'ರಾಕ್ಸ್'. 2020ರ ಥಾರ್ 226 ಮಿ.ಮೀ. ನೆಲದಂತರ ಇರುವ, 650 ಮಿ.ಮೀ. ನೀರಿನಲ್ಲಿ ದಾಟಬಲ್ಲ ಗಾಡಿ ಎಂದು ಕಂಪೆನಿ ಹೇಳುತ್ತದೆ. ಗ್ಲೋಬಲ್ ಎನ್‌ಕ್ಯಾಪ್ ಪರೀಕ್ಷೆಯಲ್ಲಿ ನಾಲ್ಕು ನಕ್ಷತ್ರ ಪಡೆದಿದೆ. ಏಸಿ ಉಂಟು, ಏರ್‌ಬ್ಯಾಗ್ ಉಂಟು. ಹಳೆ ಕಮಾಂಡರಿನಲ್ಲಿ ಸೀಟ್ ಬೆಲ್ಟ್ ಹುಡುಕುವುದೇ ಒಂದು ಕೆಲಸ. ಎರಡೂ ಒಂದೇ ವಂಶ ಹೌದು, ಗಿರಾಕಿಗಳು ಬೇರೆ. ಇವತ್ತಿನ ಥಾರ್ ಹೆಚ್ಚಾಗಿ ಕಾಣುವುದು ಹೆದ್ದಾರಿ 66ರಲ್ಲಿ, ಮದುವೆ ಹಾಲ್‌ಗಳ ಎದುರು, ಮತ್ತೆ ರಜೆ ದಿನ ತ್ರಾಸಿ-ಮರವಂತೆ ಕಡೆ.

ಕೊಡಚಾದ್ರಿ ದಾರಿ

ಹಳೆ ಜೀಪಿನ ನಿಜವಾದ ಪರೀಕ್ಷೆ ನಡೆಯುವುದು ಕೊಡಚಾದ್ರಿಯಲ್ಲಿ. 1343 ಮೀಟರ್ ಎತ್ತರದ ಬೆಟ್ಟ ಇರುವುದು ಶಿವಮೊಗ್ಗ ಜಿಲ್ಲೆಯ ಹೊಸನಗರ ತಾಲೂಕಿನಲ್ಲಿ. ಯಾತ್ರಿಕರಲ್ಲಿ ದೊಡ್ಡ ಪಾಲು ಹೊರಡುವುದು ಬೈಂದೂರು ತಾಲೂಕಿನ ಕೊಲ್ಲೂರಿನಿಂದ. ನಾಗೋಡಿ ಘಾಟಿ ಹತ್ತಿ, ಸಂಪೆಕಟ್ಟೆ, ಕಟ್ಟಿನಹೊಳೆ ಮೂಲಕ ಸುಮಾರು ನಲವತ್ತು ಕಿಲೋಮೀಟರ್. ಕೊನೆಯ ಎಂಟು-ಹತ್ತು ಕಿ.ಮೀ. ರಸ್ತೆ ಎಂದು ಕರೆಯುವುದು ಮರ್ಯಾದೆಗೆ ಮಾತ್ರ. ಕಲ್ಲು, ಕೊರಕಲು, ಕೆಂಪು ಕೆಸರು, ಒಂದೇ ಗಾಡಿ ಹಿಡಿಯುವ ತಿರುವು. ಜೀಪ್ ಮೂಲಸ್ಥಾನದ ದೇವಸ್ಥಾನದ ಹತ್ತಿರ ಬಿಡುತ್ತದೆ, ಸರ್ವಜ್ಞ ಪೀಠಕ್ಕೆ ಅಲ್ಲಿಂದ ನಡಿಗೆ.

ಇಲ್ಲಿ ಕೆಲಸ ಮಾಡುವುದು ಗೇರ್ ಬಾಕ್ಸ್ ಹಿಂದೆ ಇರುವ ಇನ್ನೊಂದು ಸಣ್ಣ ಡಬ್ಬ, ಅಂದರೆ ಟ್ರಾನ್ಸ್‌ಫರ್ ಕೇಸ್. 'ಫೋರ್ ವೀಲ್' ಹಾಕಿದಾಗ ಎಂಜಿನ್ ಶಕ್ತಿ ಮುಂದಿನ ಚಕ್ರಕ್ಕೂ ಹೋಗುತ್ತದೆ. 'ಲೋ' ಹಾಕಿದಾಗ ಚಕ್ರ ತಿರುಗುವ ವೇಗ ಇಳಿದು, ಎಳೆತ ಹಳೆ ಜೀಪಿನಲ್ಲಿ ಸುಮಾರು ಎರಡೂವರೆ ಪಟ್ಟು ಏರುತ್ತದೆ. ಹತ್ತುವುದಕ್ಕಿಂತ ಇಳಿಯುವಾಗಲೇ ಇದರ ಉಪಕಾರ ಜಾಸ್ತಿ. ಲೋ ಫಸ್ಟ್‌ನಲ್ಲಿ ಬಿಟ್ಟರೆ ಎಂಜಿನ್ನೇ ಗಾಡಿಯನ್ನು ಹಿಡಿದು ನಿಲ್ಲಿಸುತ್ತದೆ, ಬ್ರೇಕ್ ತುಳಿಯುವ ಅಗತ್ಯ ಕಡಿಮೆ. ಒದ್ದೆ ಕಲ್ಲಿನ ಇಳಿಜಾರಿನಲ್ಲಿ ಬ್ರೇಕ್ ಮೇಲೇ ನಂಬಿಕೆ ಇಟ್ಟವನು ಜಾರುತ್ತಾನೆ. ಡಾಮರು ರಸ್ತೆಗೆ ಬಂದ ಕೂಡಲೇ ಫೋರ್ ವೀಲ್ ತೆಗೆಯಬೇಕು. ಹಳೆ ಜೀಪಿನಲ್ಲಿ ಮುಂದಿನ-ಹಿಂದಿನ ಆಕ್ಸಲ್ ಒಂದಕ್ಕೊಂದು ಬಿಗಿಯಾಗಿ ಕೂಡಿಕೊಳ್ಳುವುದರಿಂದ, ತಿರುವಿನಲ್ಲಿ ಮುಂದಿನ ಚಕ್ರ ಹೆಚ್ಚು ದೂರ ಓಡಲು ನೋಡಿದರೆ ಗಟ್ಟಿ ನೆಲ ಜಾರಲು ಬಿಡುವುದಿಲ್ಲ. ಆ ಸಿಟ್ಟೆಲ್ಲ ಗೇರಿನ ಹಲ್ಲು ಮತ್ತು ಶಾಫ್ಟ್ ಮೇಲೆ ಹೋಗುತ್ತದೆ.

ಹೊಸ ಥಾರ್ ಈ ದಾರಿ ಹತ್ತುವುದಿಲ್ಲ ಅಂತಲ್ಲ. ಬಾಡಿಗೆಯವರ ಲೆಕ್ಕ ಬೇರೆ. ಎಂಟು ಜನ ಹಿಡಿಯಬೇಕು, ಬಾಡಿಗೆ ಹಂಚಿಕೊಂಡರೆ ಯಾತ್ರಿಕರಿಗೂ ಕೈಗೆಟುಕಬೇಕು. ಬಾಡಿ ಗೀರಿದರೆ ಕರುಳು ಚುರ್ ಅನ್ನಬಾರದು. ಸ್ಪ್ರಿಂಗ್ ಪಟ್ಟಿ ತುಂಡಾದರೆ ಅದೇ ದಿನ ಸಿಕ್ಕಿ, ಅದೇ ರಾತ್ರಿ ಹಾಕಿ, ಮರುದಿನ ಬೆಳಿಗ್ಗೆ ಸ್ಟ್ಯಾಂಡಿನಲ್ಲಿ ಇರಬೇಕು. ಸೆನ್ಸರ್, ಕಂಪ್ಯೂಟರ್ ಇಲ್ಲದ ಎಂಜಿನ್ನಿಗೆ ಡೀಸೆಲ್ ಮತ್ತು ಗಾಳಿ ಸಿಕ್ಕಿದರೆ ಸಾಕು. ಬ್ಯಾಟರಿ ಸತ್ತರೆ ನಾಲ್ಕು ಜನ ತಳ್ಳಿದರೆ ಸ್ಟಾರ್ಟ್. ಪರ್ಯಾಯ ಗಾಡಿ ಇನ್ನೂ ಈ ಲೆಕ್ಕಕ್ಕೆ ಕೂತಿಲ್ಲ, ಹಾಗಾಗಿಯೇ ಹಳೆಯವನ್ನು ಬೆಸುಗೆ ಹಾಕಿ ಹಾಕಿ ಓಡಿಸುವುದು.

ಉಪ್ಪುಗಾಳಿ, ಹೊಳೆ ನೀರು

ಘಟ್ಟದ ಬುಡದಲ್ಲಿ ಜೀಪ್ ಸವೆಯುವುದು ಕಲ್ಲಿನಿಂದ. ಗಂಗೊಳ್ಳಿ, ಮರವಂತೆ, ಉಪ್ಪುಂದ, ಶಿರೂರು ಬದಿಯಲ್ಲಿ ಸವೆಯುವುದು ತುಕ್ಕಿನಿಂದ. ಆರು ತಿಂಗಳ ಮಳೆ, ಉಳಿದ ಆರು ತಿಂಗಳು ಉಪ್ಪುಗಾಳಿ. ಮೊದಲು ಹೋಗುವುದು ಕಾಲಿಡುವ ತಗಡು, ಆಮೇಲೆ ಹಿಂದಿನ ಬಾಗಿಲ ಕೆಳಗಿನ ಪಟ್ಟಿ. ಅವನ್ನು ಬದಲಿಸಬಹುದು. ಷಾಸಿಯಲ್ಲಿ ಸ್ಪ್ರಿಂಗ್ ಕೂರುವ ಜಾಗ ತಿಂದುಹೋದರೆ ಮಾತ್ರ ಗಾಡಿಯ ಕಥೆ ಮುಗಿದಂತೆ. ಅದಕ್ಕೇ ಮಳೆಗೆ ಮುಂಚೆ ಅಡಿಗೆ ಹಳೆ ಎಂಜಿನ್ ಆಯಿಲ್ ಬಳಿಯುವ ರೂಢಿ. ಅದರಿಂದ ಉಪಯೋಗ ಉಂಟು. ಆದರೆ ರಬ್ಬರ್ ಬುಷ್, ಬ್ರೇಕ್ ಹೋಸ್ ಮೇಲೆ ತಾಗಿದರೆ ರಬ್ಬರ್ ಉಬ್ಬಿ ಹಾಳಾಗುತ್ತದೆ, ಬ್ರೇಕ್ ಡ್ರಮ್ಮಿಗೆ ಹೋದರೆ ಇನ್ನೂ ಅಪಾಯ. ಸಮುದ್ರದ ಮರಳಿನಲ್ಲಿ ಓಡಿಸಿ ರೀಲ್ಸ್ ಮಾಡಿದವರು ಅದೇ ಸಂಜೆ ಸಿಹಿನೀರಿನಲ್ಲಿ ಅಡಿಭಾಗ ತೊಳೆಯದಿದ್ದರೆ ಫಲ ಎರಡು ವರ್ಷದಲ್ಲಿ ಕಾಣುತ್ತದೆ, ಗಾಡಿ ಎಷ್ಟು ಲಕ್ಷದ್ದಾದರೂ ಸರಿ.

ಹೊಳೆ, ತೋಡು ದಾಟುವವರಿಗೆ ಇನ್ನೊಂದು ಎಚ್ಚರ. ಗಾಳಿ ಎಳೆಯುವ ಕೊಳವೆಗೆ ನೀರು ಹೋದರೆ ಎಂಜಿನ್ ಒಳಗೆ ನೀರು ಒತ್ತಲಾಗದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ನೀರಿನಲ್ಲಿ ಎಂಜಿನ್ ನಿಂತರೆ ಮತ್ತೆ ಮತ್ತೆ ಸೆಲ್ಫ್ ಹೊಡೆಯಲೇಬಾರದು. ದಾಟಿದ ಮೇಲೆ ಡ್ರಮ್ ಬ್ರೇಕ್ ಒದ್ದೆಯಾಗಿ ಹಿಡಿಯುವುದಿಲ್ಲ, ಸ್ವಲ್ಪ ದೂರ ಮೆಲ್ಲಗೆ ಬ್ರೇಕ್ ಒತ್ತಿಕೊಂಡೇ ಹೋಗಬೇಕು. ಆಕ್ಸಲ್ ಆಯಿಲ್ ಹಾಲು ಬೆರೆಸಿದ ಚಹಾದ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ ಎಂದೇ ಅರ್ಥ, ಬದಲಿಸಬೇಕು. ಹರಿವು ಜೋರಿದ್ದರೆ ಎಂಥ ಫೋರ್ ವೀಲ್ ಕೂಡ ತೇಲುತ್ತದೆ.

ಕಾಗದಪತ್ರ

ಬಿಳಿ ಬೋರ್ಡಿನ ಗಾಡಿಯ ನೋಂದಣಿ 15 ವರ್ಷಕ್ಕೆ. ನಂತರ ಐದೈದು ವರ್ಷಕ್ಕೆ ನವೀಕರಣ, ಪ್ರತಿ ಸಲ ಗಾಡಿ ತೋರಿಸಿ ಫಿಟ್‌ನೆಸ್ ಪಡೆಯಬೇಕು. ಲಘು ವಾಹನಕ್ಕೆ ಹಿಂದೆ 600 ರೂ. ಇದ್ದ ಕೇಂದ್ರದ ಶುಲ್ಕ 2022ರ ಏಪ್ರಿಲ್‌ನಿಂದ 5,000 ರೂ. ಆಯಿತು. 2025ರ ಆಗಸ್ಟ್‌ನಲ್ಲಿ 20 ವರ್ಷ ದಾಟಿದವಕ್ಕೆ 10,000 ರೂ. ಎಂದು ನಿಗದಿಯಾಯಿತು. ರಾಜ್ಯದ ಹಸಿರು ತೆರಿಗೆ ಬೇರೆ. ತಡ ಮಾಡಿದರೆ ತಿಂಗಳಿಗೆ 500 ರೂ. ದಂಡ. ತೋಟದ ಮೂಲೆಯಲ್ಲಿ ನಿಲ್ಲಿಸಿ ಮರೆತ ಜೀಪಿಗೆ ಈ ದಂಡವೇ ಗಾಡಿಯ ಬೆಲೆಯಷ್ಟಾಗುವ ದಿನ ದೂರವಿಲ್ಲ. ಹಳದಿ ಬೋರ್ಡಿನ ಗಾಡಿಗೆ ಎಂಟು ವರ್ಷದವರೆಗೆ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಫಿಟ್‌ನೆಸ್.

ಬಿಳಿ ಬೋರ್ಡಿನಲ್ಲಿ ಬಾಡಿಗೆ ಹೊಡೆಯುವುದು ಊರಿನಲ್ಲಿ ಹೊಸತಲ್ಲ, ಆದರೆ ಇದರ ಪೆಟ್ಟು ದೊಡ್ಡದು. ಪರ್ಮಿಟ್ ಇಲ್ಲದೆ ಸಿಕ್ಕಿದರೆ ದಂಡವೇ 10,000 ರೂ. ಅದಕ್ಕಿಂತ ಮುಖ್ಯವಾಗಿ, ಅಪಘಾತವಾದರೆ ಖಾಸಗಿ ಪಾಲಿಸಿ ಬಾಡಿಗೆ ಪ್ರಯಾಣಿಕರಿಗೆ ಅನ್ವಯಿಸುವುದಿಲ್ಲ ಎಂದು ವಿಮಾ ಕಂಪೆನಿ ಕೈ ಎತ್ತಬಹುದು. ಆಗ ಪರಿಹಾರದ ಹೊರೆ ಮಾಲಕನ ಮನೆ, ಜಾಗದ ಮೇಲೆ ಬರುತ್ತದೆ. ಹತ್ತುವ ಮುಂಚೆ ಬೋರ್ಡಿನ ಬಣ್ಣ ನೋಡಲು ಪ್ರಯಾಣಿಕರಿಗೆ ಅರೆ ನಿಮಿಷ ಸಾಕು.

ಹಳೆ ಜೀಪ್ ಕೊಳ್ಳಲು ಹೊರಟವರು ಎಂಜಿನ್ ಸದ್ದಿಗಿಂತ ಮೊದಲು ಆರ್‌ಸಿ ನೋಡುವುದು ಒಳ್ಳೆಯದು. ಈ ಗಾಡಿಗಳಲ್ಲಿ ಎಂಜಿನ್ ಬದಲಾದವು, ಟೂ ವೀಲ್ ಇದ್ದದ್ದನ್ನು ಫೋರ್ ವೀಲ್ ಮಾಡಿದವು, ಉದ್ದದ ಷಾಸಿ ಕತ್ತರಿಸಿ ಗಿಡ್ಡ ಮಾಡಿದವು ಸಾಕಷ್ಟಿವೆ. ಕಂಪೆನಿ ಕೊಟ್ಟ ಮೂಲ ವಿವರಕ್ಕೆ ಹೊಂದದಂತೆ ಮಾರ್ಪಾಡು ಮಾಡಿದ ವಾಹನವನ್ನು ನೋಂದಾಯಿಸುವಂತಿಲ್ಲ ಎಂದು ಸುಪ್ರೀಂ ಕೋರ್ಟ್ 2019ರ ಜನವರಿಯಲ್ಲಿ ಹೇಳಿದೆ. ಷಾಸಿ ನಂಬರ್ ಹಿಂದೆ ಮುಂದೆ ಬೆಸುಗೆಯ ಗುರುತು ಕಂಡರೆ, ಎಂಜಿನ್ ನಂಬರ್ ಆರ್‌ಸಿಗೆ ತಾಳೆಯಾಗದಿದ್ದರೆ, ಎಷ್ಟೇ ಅಗ್ಗವಾದರೂ ಬಿಟ್ಟುಬಿಡುವುದೇ ಲಾಭ. ಅದೆಲ್ಲ ಸರಿಯಿದ್ದರೆ ಮಾತ್ರ ಮುಂದಿನ ಪರೀಕ್ಷೆ: ಒಂದು ಏರಿನಲ್ಲಿ ನಿಲ್ಲಿಸಿ, ಲೋ ಹಾಕಿ, ಕ್ಲಚ್ ಬಿಟ್ಟು ಹತ್ತಿಸುವುದು. ಮುಂದಿನ ಚಕ್ರ ಎಳೆಯದಿದ್ದರೆ, ಗೇರ್ ಕಳಚಿಕೊಂಡು ಹಾರಿದರೆ, ಆ ರಿಪೇರಿಯ ಖರ್ಚನ್ನು ಹೇಳಿದ ಬೆಲೆಯಿಂದ ಅಲ್ಲೇ ಕಳೆಯಬೇಕು. ಡೀಸೆಲ್ ಲೀಟರಿಗೆ ಹತ್ತು-ಹನ್ನೆರಡು ಕಿ.ಮೀ. ಕೊಟ್ಟರೆ ಅದೇ ಹೆಚ್ಚು, ಘಾಟಿಯಲ್ಲಿ ಅಷ್ಟೂ ಇಲ್ಲ.