ಬೊಗ್ಗುಟ್ಟದ ಬಾವಿ

ದುವ್ವಾಡಕ್ಕೆ ಬಂದ ಹೊಸದರಲ್ಲಿ ನನಗೆ ಸಲೀಸಾಗಿ ಅರ್ಥವಾದ ತೆಲುಗು ಪದ ಒಂದೇ: ಉಕ್ಕು. ಇಲ್ಲಿನ ಉಕ್ಕಿನ ಕಾರ್ಖಾನೆಯ ಬಡಾವಣೆಗೆ ಉಕ್ಕುನಗರಂ ಅಂತಲೇ ಹೆಸರು. ‘ವಿಶಾಖ ಉಕ್ಕು, ಆಂಧ್ರುಲ ಹಕ್ಕು’ ಎಂದು 1966ರಲ್ಲಿ ಜನ ಬೀದಿಗಿಳಿದು, 32 ಮಂದಿ ಪ್ರಾಣ ಕೊಟ್ಟ ಮೇಲೆ ಬಂದ ಕಾರ್ಖಾನೆ ಅದು. ಉಕ್ಕು, ಹಕ್ಕು ಎರಡೂ ನಮ್ಮವೇ ಪದಗಳು. ಬೊಗ್ಗು ಮಾತ್ರ ಗೊತ್ತಿರಲಿಲ್ಲ. ಸ್ಟೇಷನ್ನಿನಲ್ಲಿ ಕಪ್ಪು ರಾಶಿ ಹೊತ್ತ ಗೂಡ್ಸ್ ಗಾಡಿ ಹೋಗುವಾಗ ಪಕ್ಕದ ಮನೆಯ ಬಾಬಾಯಿಗಾರು ಹೇಳಿಕೊಟ್ಟರು. ಬೊಗ್ಗು ಅಂದರೆ ಕಲ್ಲಿದ್ದಲು.

ಅವರ ಹುಟ್ಟೂರು ಇಲ್ಲೆಂದು. ಹೆಸರು ಕೇಳಿ ನಾನು ನಕ್ಕೆ. ಕನ್ನಡದಲ್ಲಿ ಅದು ‘ಇಲ್ಲ ಎಂದು’ ಅಂತಾಗುತ್ತದೆ ನೋಡಿ! ಈಗ ತೆಲಂಗಾಣದ ಭದ್ರಾದ್ರಿ ಕೊತ್ತಗೂಡೆಂ ಜಿಲ್ಲೆಯಲ್ಲಿರುವ ಆ ಊರಿಗೆ ಬೊಗ್ಗುಟ್ಟ ಎಂಬ ಹೆಸರೂ ಇದೆ, ಕಲ್ಲಿದ್ದಲ ಗುಡ್ಡ. ಭದ್ರಾಚಲದ ರಾಮನ ದರ್ಶನಕ್ಕೆ ಹೊರಟವರು ಅಲ್ಲಿ ಇಳಿದುಕೊಂಡು, ಮೂರು ಕರಿಗಲ್ಲಿಟ್ಟು ಒಲೆ ಹೂಡಿದರಂತೆ. ಅನ್ನ ಬೇಯುವ ಹೊತ್ತಿಗೆ ಒಲೆಗಲ್ಲೇ ಹೊತ್ತಿ ಉರಿಯಿತಂತೆ. ಇದು ಜನರ ಬಾಯಲ್ಲಿರುವ ಕತೆ. ಕಾಗದದಲ್ಲಿರುವುದು ಭೂಗರ್ಭ ಇಲಾಖೆಯ ಡಾ. ವಿಲಿಯಂ ಕಿಂಗ್ 1871ರಲ್ಲಿ ಪತ್ತೆ ಹಚ್ಚಿದರೆಂದು. ನೆಲದಡಿಯ ಒಂದು ಪದರಕ್ಕೆ ಇವತ್ತಿಗೂ ‘ಕಿಂಗ್ ಸೀಮ್’ ಎನ್ನುತ್ತಾರೆ. ಒಲೆ ಹೂಡಿದವರ ಹೆಸರು ಯಾವ ಪದರಕ್ಕೂ ಇಲ್ಲ.

ಆಗ ಅದು ನಿಜಾಮರ ಸೀಮೆ. 1886ರಲ್ಲಿ ಇಂಗ್ಲೆಂಡಿನಲ್ಲಿ ಹುಟ್ಟಿದ ಹೈದರಾಬಾದ್ ಡೆಕ್ಕನ್ ಕಂಪನಿಗೆ ಗಣಿಯ ಹಕ್ಕು ಸಿಕ್ಕಿತು. ಈ ವ್ಯವಹಾರದ ವಾಸನೆ ಲಂಡನ್ನಿನವರೆಗೂ ಬಡಿದು, 1888ರಲ್ಲಿ ಬ್ರಿಟಿಷ್ ಪಾರ್ಲಿಮೆಂಟೇ ವಿಚಾರಣಾ ಸಮಿತಿ ಕೂರಿಸಿತು. ಮರುವರ್ಷ, 1889ರಲ್ಲಿ, ಇಲ್ಲೆಂದುವಿನಲ್ಲಿ ಕಲ್ಲಿದ್ದಲು ತೆಗೆಯುವುದು ಶುರುವಾಯಿತು. ರೈಲೂ ಬಂತು. ನಮ್ಮ ವಾಡಿಯಿಂದ ಸಿಕಂದರಾಬಾದಿಗೆ 1874ರಲ್ಲೇ ಹಾಕಿದ್ದ ಹಳಿ ಪೂರ್ವಕ್ಕೆ ಬೆಳೆಯುತ್ತ, ಡೋರ್ನಕಲ್ಲಿನಲ್ಲಿ ಕವಲೊಡೆದು ಗಣಿಯ ಬಾಗಿಲಿಗೆ ಹೋಯಿತು.

ಇಲ್ಲೊಂದು ವಿಚಿತ್ರ. ತೋಡಿದ್ದು ಇಲ್ಲೆಂದುವಿನಲ್ಲಿ, ಹೆಸರು ಬಂದದ್ದು ಹತ್ತಿರದ ಸಿಂಗರೇಣಿ ಎಂಬ ಹಳ್ಳಿಯದು. 1920ರ ಡಿಸೆಂಬರಿನಲ್ಲಿ ಕಂಪನಿಯೇ ಸಿಂಗರೇಣಿ ಕಾಲರೀಸ್ ಆಯಿತು. ಆಮೇಲೆ ಆ ಹೆಸರು ಬೆಲ್ಲಂಪಲ್ಲಿ, ಗೋದಾವರಿಖನಿ, ಮಣುಗೂರು ಅಂತ ಗೋದಾವರಿಯುದ್ದಕ್ಕೂ ದುಡಿಯಲು ಹೋಯಿತು. ಮುಖ್ಯ ಕಚೇರಿ ಕೊತ್ತಗೂಡೆಂನಲ್ಲಿ ಕೂತಿತು. ಸಿಂಗರೇಣಿ ಅಂದರೆ ಕಂಪನಿ ಅಂತ ಎಲ್ಲರಿಗೂ ಗೊತ್ತು. ಅದೊಂದು ಹಳ್ಳಿ ಅಂತ ನನಗೆ ಗೊತ್ತಾದದ್ದು ಬಾಬಾಯಿಗಾರು ಹೇಳಿದ ಮೇಲೆ.

ಅವರ ತಂದೆಯದು ‘ತಟ್ಟಾ ಚೆಮ್ಮಸ್’ ಕೆಲಸ. ತಟ್ಟಾ ಅಂದರೆ ಬುಟ್ಟಿ, ಚೆಮ್ಮಸ್ ಅಂದರೆ ಸಲಿಕೆ. ಸಿಡಿಮದ್ದಿಗೆ ಒಡೆದು ಬಿದ್ದ ಕಲ್ಲಿದ್ದಲನ್ನು ಸಲಿಕೆಯಲ್ಲಿ ಎತ್ತಿ, ಬುಟ್ಟಿಯಲ್ಲಿ ಹೊತ್ತು ಡಬ್ಬಿಗೆ ಸುರಿಯಬೇಕು. ಗಣಿ ಅನ್ನುವ ಮಾತೇ ಅವರ ಮನೆಯಲ್ಲಿರಲಿಲ್ಲ. ‘ಬಾಯಿ’ ಅನ್ನುತ್ತಿದ್ದರು. ನಮ್ಮ ಬಾವಿಯೇ ಅದು. “ನಾಯನ ಬಾಯಿಗೆ ಹೋದರೆ ಅಮ್ಮ ಸೈರನ್ ಕೂಗುವವರೆಗೂ ಬಾಗಿಲಲ್ಲೇ ಇರುತ್ತಿದ್ದಳು ಬಾಬು. ಹೊತ್ತಲ್ಲದ ಹೊತ್ತಿಗೆ ಕೂಗಿದರೆ ಮಾತ್ರ ಒಲೆ ಬಿಟ್ಟು ಓಡುತ್ತಿದ್ದಳು” ಎಂದರು. ನೀರಿಗೆಂದು ಬಾವಿಗೆ ಇಳಿಯುವವರನ್ನು ಕಂಡ ನನಗೆ ಅನ್ನಕ್ಕೆಂದು ಬಾವಿಗೆ ಇಳಿಯುವುದು ಹೊಸದು.

1945ರಲ್ಲಿ ನಿಜಾಮ್ ಸರ್ಕಾರ ಕಂಪನಿಯ ಬಹುಪಾಲು ಷೇರು ಕೊಂಡಿತು. ರಾಯಚೂರು, ಕಲಬುರಗಿ, ಬೀದರಿನವರೂ ಇಲ್ಲೆಂದುವಿನವರೂ ಆಗ ಒಂದೇ ದೊರೆಯ ಪ್ರಜೆಗಳು. 1956ರಲ್ಲಿ ಬೇರೆಯಾದೆವು. ಆದರೂ ನಂಟು ಪೂರ್ತಿ ಹರಿಯಲಿಲ್ಲ. ಕರ್ನಾಟಕದಲ್ಲಿ ಕಲ್ಲಿದ್ದಲು ಗಣಿಯಿಲ್ಲ. ಸಿಂಗರೇಣಿಯದು ಕೋಕ್ ಆಗುವ ಜಾತಿಯಲ್ಲ, ಆದ್ದರಿಂದ ಉಕ್ಕಿನ ಕುಲುಮೆಗೆ ಬೇಕಾದದ್ದು ಹೊರದೇಶದಿಂದ ಹಡಗಿನಲ್ಲಿ ಬರುತ್ತದೆ. ಕರೆಂಟು ಮಾಡಲು ಇದೇ ಸಾಕು. 1985ರಲ್ಲಿ ಶಕ್ತಿನಗರದ ರಾಯಚೂರು ಶಾಖೋತ್ಪನ್ನ ಕೇಂದ್ರ ಶುರುವಾದ ಮೇಲೆ ಸಿಂಗರೇಣಿಯ ಗಾಡಿಗಳು ಅಲ್ಲಿಗೂ ಬಂದವು. 1720 ಮೆಗಾವಾಟಿನ ಆ ಕೇಂದ್ರದ ವಿದ್ಯುತ್ತು ನಿಮ್ಮ ಮನೆಯ ಮಿಕ್ಸಿಯಲ್ಲೂ ತಿರುಗಿರಬಹುದು. ಬಾಬಾಯಿಗಾರಿಗೆ ಇದು ಗೊತ್ತು. “ಮೀ ಕರೆಂಟು ಮಾ ಬೊಗ್ಗೇ ಕದಂಡೀ” ಎಂದು ಆಗಾಗ ಚುಚ್ಚುತ್ತಾರೆ.

ಇಲ್ಲೆಂದುವಿನ ಹಳೆಯ ನೆಲದಡಿಯ ಬಾವಿಗಳು ಒಂದೊಂದಾಗಿ ಮುಚ್ಚಿದವು. ಕಲ್ಲಿದ್ದಲು ಈಗ ಹೆಚ್ಚಾಗಿ ಬರುವುದು ಬಯಲು ಗಣಿಗಳಿಂದ. ಅಲ್ಲಿ ಯಂತ್ರ ಜಾಸ್ತಿ, ಆಳು ಕಡಿಮೆ. ಬಾಬಾಯಿಗಾರ ಅಣ್ಣತಮ್ಮಂದಿರು ಯಾರೂ ಊರಲ್ಲಿಲ್ಲ. ತಂದೆಯ ಸಲಿಕೆಯೊಂದನ್ನು ಇವರು ದುವ್ವಾಡಕ್ಕೆ ತಂದಿಟ್ಟುಕೊಂಡಿದ್ದಾರೆ, ತೆಂಗಿನ ಗಿಡದ ಪಾತಿ ಮಾಡಲು.

“ನಿಮ್ಮ ಹೆಸರಿನ ಮುಂದಿನ ಅಕ್ಷರ ಏನು?” ಎಂದು ಒಮ್ಮೆ ಕೇಳಿದರು. ಊರಿನದು ಎಂದೆ. ಹೋಗಿ ಎಷ್ಟು ದಿನವಾಯಿತು ಅಂದರು. ವರ್ಷಗಳನ್ನು ಬೆರಳಿನಲ್ಲಿ ಎಣಿಸತೊಡಗಿದೆ. ಅಷ್ಟರಲ್ಲಿ ಗೂಡ್ಸ್ ಬಂತು.